ಮಗಳು ಸೇಫ್ಟಿ ಆಫೀಸರ್ ಆಗ್ತೀನಿ ಅಂದಾಗ

'ಸೇಫ್ಟಿ ಆಫೀಸರ್' ಅಂದರೆ ಏನು ಕೆಲಸ ಅಂತ ಯಾರಾದರೂ ನಿಮ್ಮನ್ನು ಕೇಳಿದರೆ ಏನು ಹೇಳುತ್ತೀರಿ? ಡಾಕ್ಟರು, ಇಂಜಿನಿಯರು, ಟೀಚರು, ಬ್ಯಾಂಕಿನವರು - ಇವೆಲ್ಲ ನಮಗೆ ಗೊತ್ತಿರುವ ಕೆಲಸಗಳು. ಹೆಣ್ಣು ನೋಡಲು ಬಂದವರ ಎದುರಿಗೆ ಹೇಳಿಕೊಳ್ಳಲೂ ಸಲೀಸು. ಎರಡು ವರ್ಷದ ಹಿಂದೆ ನನ್ನ ದೊಡ್ಡ ಮಗಳು "ಅಮ್ಮಾ, ನಾನು ಸೇಫ್ಟಿ ಲೈನಿಗೆ ಹೋಗ್ತೀನಿ" ಅಂದಾಗ, ಪಕ್ಕದಲ್ಲೇ ಹೂ ಕಟ್ಟುತ್ತಿದ್ದ ನಮ್ಮ ಅತ್ತೆಯವರು "ಅದೇನೇ ಅದು, ವಾಚ್‌ಮನ್ ಕೆಲಸವಾ?" ಅಂತ ಕೇಳಿಯೇಬಿಟ್ಟರು!

ನನಗೂ ಅದಕ್ಕಿಂತ ಹೆಚ್ಚೇನೂ ಗೊತ್ತಿರಲಿಲ್ಲ ಅನ್ನಿ. ನಾನು ಓದಿದ್ದು ಎಸ್.ಎಸ್.ಎಲ್.ಸಿ.ವರೆಗೆ. ಆಮೇಲೆ ಮದುವೆ, ಮನೆ, ಇಬ್ಬರು ಮಕ್ಕಳು. ಆದರೆ ಈ ಒಂದು ವಿಷಯದಲ್ಲಿ ಮಗಳ ಜೊತೆ ಅಲೆದು, ಸಿಕ್ಕಸಿಕ್ಕವರನ್ನು ಕೇಳಿ, ಇಂಗ್ಲಿಷಿನಲ್ಲಿದ್ದದ್ದನ್ನು ಅವಳಿಂದಲೇ ಓದಿಸಿ ಅರ್ಥ ಮಾಡಿಕೊಂಡಿದ್ದೇನೆ. ನಿಮ್ಮ ಮನೆಯಲ್ಲೂ ಬಿ.ಎಸ್ಸಿ., ಡಿಪ್ಲೊಮಾ ಮುಗಿಸಿದ ಮಕ್ಕಳಿರಬಹುದು. ಈಗ ಎಲ್ಲಿ ನೋಡಿದರಲ್ಲಿ 'ಫೈರ್ ಅಂಡ್ ಸೇಫ್ಟಿ' ಅಂತ ಬೋರ್ಡುಗಳು. 'ನೂರಕ್ಕೆ ನೂರು ಕೆಲಸ ಗ್ಯಾರಂಟಿ' ಅಂತ ಬೇರೆ ಬರೆದಿರುತ್ತಾರೆ. ದುಡ್ಡು ಕಟ್ಟುವ ಮುಂಚೆ ನಮ್ಮಂಥ ತಾಯಂದಿರಿಗೂ ನಾಲ್ಕು ವಿಷಯ ಗೊತ್ತಿರಲಿ ಅಂತ ಬರೆಯುತ್ತಿದ್ದೇನೆ.

ಮಗಳಿಗೆ ಈ ಯೋಚನೆ ಎಲ್ಲಿಂದ ಬಂತು ಅಂತ ಬೇರೆಯವರು ಕೇಳುತ್ತಾರೆ. ನಮ್ಮ ಮನೆಯಲ್ಲಿ ಯಾರೂ ಕೇಳುವುದಿಲ್ಲ. ನಮ್ಮವರು ಪೀಣ್ಯದ ಒಂದು ಚಿಕ್ಕ ಶೆಡ್ಡಿನಲ್ಲಿ ಪವರ್ ಪ್ರೆಸ್ ಆಪರೇಟರ್ ಆಗಿದ್ದರು. ತಗಡಿನ ಹಾಳೆ ಇಟ್ಟು ಯಂತ್ರ ನಡೆಸಿದರೆ ಮೇಲಿನಿಂದ ಡೈ ಇಳಿದು ಕತ್ತರಿಸುತ್ತದೆ. ಎರಡು ಕೈಯಲ್ಲೂ ಒಂದೊಂದು ಗುಂಡಿ ಒಟ್ಟಿಗೆ ಒತ್ತಿದರೆ ಮಾತ್ರ ಪ್ರೆಸ್ ಇಳಿಯಬೇಕು, ಆಗ ಕೈ ಡೈ ಕೆಳಗೆ ಇರುವುದಕ್ಕೆ ಸಾಧ್ಯವೇ ಇಲ್ಲ. ಅದು ವ್ಯವಸ್ಥೆ. ಆದರೆ ಕೆಲಸ ಬೇಗ ಸಾಗಲಿ ಅಂತ ಒಂದು ಗುಂಡಿಗೆ ಮರದ ಚಕ್ಕೆ ಸಿಕ್ಕಿಸಿ ಕಾಯಂ ಒತ್ತಿದ ಹಾಗೆ ಮಾಡಿಟ್ಟಿದ್ದರು. ಆಪರೇಟರು ಒಂದು ಕೈಯಲ್ಲಿ ಗುಂಡಿ ಒತ್ತುವುದು, ಇನ್ನೊಂದರಲ್ಲಿ ತಗಡು ಸರಿಸುವುದು. 2009ರಲ್ಲಿ ಒಂದು ರಾತ್ರಿ ಪಾಳಿಯಲ್ಲಿ ಅವರ ಬಲಗೈಯ ಎರಡು ಬೆರಳು ಹೋದವು. ರಾಜಾಜಿನಗರದ ಇ.ಎಸ್.ಐ. ಆಸ್ಪತ್ರೆಯಲ್ಲಿ ಚಿಕಿತ್ಸೆ ಆಯಿತು, ಅಂಗವೈಕಲ್ಯದ ಮಾಸಾಶನವೂ ಬರುತ್ತಿದೆ. ಆಗ ಮಗಳಿಗೆ ಒಂಬತ್ತು ವರ್ಷ. ದಿನಾ ಬೆಳಿಗ್ಗೆ ಶಾಲೆಗೆ ಹೊರಡುವ ಮುಂಚೆ ಅಪ್ಪನ ಶರಟಿನ ಗುಂಡಿ ಹಾಕುತ್ತಿದ್ದವಳು ಅವಳೇ.

ಹಾಗಾಗಿ ಅವಳು 'ಸೇಫ್ಟಿ' ಅಂದಾಗ ಹೆಚ್ಚು ಗಾಬರಿಯಾದದ್ದು ಅವರಪ್ಪನಿಗೆ. "ನಾನು ಬೆರಳು ಕೊಟ್ಟು ಬಂದ ಜಾಗಕ್ಕೇ ಮಗಳನ್ನ ಕಳಿಸ್ಲಾ?" ಅಂತ ಊಟದ ತಟ್ಟೆ ಬಿಟ್ಟು ಎದ್ದುಹೋದರು. ಒಂದು ವಾರ ಆ ಮಾತೇ ಇಲ್ಲ.

ಮಗಳು ಕಾರ್ಖಾನೆಗೆ ಹೊಸಬಳೇನೂ ಅಲ್ಲ. ಬಿ.ಎಸ್ಸಿ.ಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಓದಿ, 2022ರಲ್ಲಿ ದಾಬಸ್‌ಪೇಟೆ ಕಡೆಯ ಒಂದು ಔಷಧಿ ಕಾರ್ಖಾನೆಗೆ ಸೇರಿದ್ದಳು. ಮರುವರ್ಷ ಪಾಳಿಯ ಸೂಪರ್‌ವೈಸರ್ ಮಾಡಿದರು. ಅಲ್ಲಿ ಸೇಫ್ಟಿ ಕಮಿಟಿ ಅಂತ ಇತ್ತು, ಕೆಲಸಗಾರರ ಕಡೆಯವರು, ಆಡಳಿತದ ಕಡೆಯವರು ಸಮಸಮ ಕೂರುವ ಸಮಿತಿ. 1984ರ ಡಿಸೆಂಬರಿನಲ್ಲಿ ಭೋಪಾಲದ ಯೂನಿಯನ್ ಕಾರ್ಬೈಡ್ ಕಾರ್ಖಾನೆಯಿಂದ ವಿಷಾನಿಲ ಸೋರಿ ಸಾವಿರಾರು ಜನ ಸತ್ತರಲ್ಲ, ಅದಾದ ಮೇಲೆ 1987ರಲ್ಲಿ ಕಾರ್ಖಾನೆ ಕಾಯ್ದೆಗೆ ತಿದ್ದುಪಡಿ ತಂದು, ಅಪಾಯಕಾರಿ ರಾಸಾಯನಿಕದ ಕೆಲಸ ಇರುವ ಕಡೆ ಇಂಥ ಸಮಿತಿ ಇರಲೇಬೇಕು ಅಂತ ಮಾಡಿದರಂತೆ. ಅದರಲ್ಲಿ ಇವಳನ್ನೂ ಸೇರಿಸಿದರು. ಮಾರ್ಚ್ 4ರಂದು ರಾಷ್ಟ್ರೀಯ ಸುರಕ್ಷತಾ ದಿನ ಮಾಡುತ್ತಾರೆ, ಪ್ರತಿಜ್ಞೆ, ಘೋಷಣೆ, ಸಿಹಿ ಎಲ್ಲ. 1966ರಲ್ಲಿ ನ್ಯಾಷನಲ್ ಸೇಫ್ಟಿ ಕೌನ್ಸಿಲ್ ಹುಟ್ಟಿದ ದಿನವಂತೆ ಅದು. ಆವತ್ತು ಇವಳು ಬರೆದ ಕನ್ನಡ ಘೋಷಣೆಗೆ ಒಂದು ಸ್ಟೀಲ್ ಡಬ್ಬಿ ಬಹುಮಾನ ಬಂತು. ಅದರಲ್ಲಿ ಈಗ ನಾನು ಹುಣಸೆಹಣ್ಣು ತುಂಬಿಟ್ಟಿದ್ದೇನೆ.

ಸರಿ, ಅವರಪ್ಪ ಮೆತ್ತಗಾಗುವ ಹೊತ್ತಿಗೆ ದುಡ್ಡಿನ ಮಾತು ಬಂತು. ಚೀಟಿ ಎತ್ತಿದ 1 ಲಕ್ಷ ರೂಪಾಯಿ ಇತ್ತು. ಅದು ಇವಳ ಮದುವೆಗೆ ಅಂತ ಕಟ್ಟುತ್ತಿದ್ದದ್ದು. ಇನ್ನೊಂದು ಚೀಟಿ ಕಟ್ಟುವ ಶಕ್ತಿ ನಮಗಿಲ್ಲ. ಅಂದರೆ ಏನು ಮಾಡಿದರೂ ಒಂದೇ ಸಲ, ಸರಿಯಾಗಿ ಮಾಡಬೇಕು.

ಮೊದಲು ಹೋದದ್ದು ಮೆಟ್ರೋ ಸ್ಟೇಷನ್ ಪಕ್ಕದ ಒಂದು ಸಂಸ್ಥೆಗೆ. ಎ.ಸಿ. ರೂಮು, ಗೋಡೆ ತುಂಬ ಹೆಲ್ಮೆಟ್ ಹಾಕಿಕೊಂಡು ನಗುವವರ ಫೋಟೋ. ಕೌಂಟರಿನಲ್ಲಿದ್ದ ಹುಡುಗಿ ಒಂದು ಬಣ್ಣದ ಹಾಳೆ ಮುಂದಿಟ್ಟು ಪಟಪಟ ಹೇಳಿದಳು - ನೆಬಾಷ್, ಐಯೋಷ್, ಓಷಾ 30, ಐ.ಎಸ್.ಒ. ಲೀಡ್ ಆಡಿಟರ್, ಜೊತೆಗೆ ಅವರದೇ ಒಂದು ಫೈರ್ ಸೇಫ್ಟಿ ಡಿಪ್ಲೊಮಾ. ಐದೂ ಸೇರಿ 75 ಸಾವಿರದ ಪ್ಯಾಕೇಜು, ಇವತ್ತೇ ಕಟ್ಟಿದರೆ ಹತ್ತು ಸಾವಿರ ಕಡಿಮೆ! ಸೀರೆ ಅಂಗಡಿಯಲ್ಲಿ ಆಷಾಢದ ಸೇಲ್ ನಡೆಯುತ್ತದಲ್ಲ, ಹಾಗಿತ್ತು. ಮಗಳ ಮುಖ ಅರಳಿತ್ತು. ನಾನು ಕೇಳಿದ್ದು ಒಂದೇ ಮಾತು. "ಇಷ್ಟೂ ಸರ್ಟಿಫಿಕೇಟು ಇಟ್ಟುಕೊಂಡರೆ ನಮ್ಮ ಕರ್ನಾಟಕದ ಕಾರ್ಖಾನೆಯಲ್ಲಿ ಇವಳನ್ನ ಕಾನೂನು ಪ್ರಕಾರ ಸೇಫ್ಟಿ ಆಫೀಸರ್ ಅಂತ ತಗೋತಾರೇನಮ್ಮ?" ಆ ಹುಡುಗಿ "ಸರ್‌ನ ಕೇಳ್ಕೊಂಡು ಬರ್ತೀನಿ ಆಂಟಿ" ಅಂತ ಒಳಗೆ ಹೋದವಳು ಹತ್ತು ನಿಮಿಷ ಬಿಟ್ಟು ಬಂದು, "ಇದೆಲ್ಲಾ ಇಂಟರ್‌ನ್ಯಾಷನಲ್ ಆಂಟಿ" ಅಂದಳು. ನಾನು ಕೇಳಿದ್ದಕ್ಕೆ ಅದು ಉತ್ತರವೇ ಅಲ್ಲ. ಹಾಳೆ ತೆಗೆದುಕೊಂಡು ಎದ್ದು ಬಂದೆವು.

ಆ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನದಲ್ಲಿ. ಕಾರ್ಖಾನೆಗಳು, ಬಾಯ್ಲರುಗಳು, ಕೈಗಾರಿಕಾ ಸುರಕ್ಷತೆ ಮತ್ತು ಸ್ವಾಸ್ಥ್ಯ ಇಲಾಖೆ ಅಂತ ಒಂದು ಸರ್ಕಾರಿ ಇಲಾಖೆ ಇದೆ. ಕಾರ್ಖಾನೆಗೆ ಲೈಸೆನ್ಸ್ ಕೊಡುವವರು, ತಪಾಸಣೆ ಮಾಡುವವರು ಅವರೇ. ಸರ್ಕಾರಿ ಆಫೀಸು ಅಂತ ಹೆದರಿಕೊಂಡೇ ಹೋದೆವು. ಹಿರಿಯರೊಬ್ಬರು ಬೇಸರ ಮಾಡಿಕೊಳ್ಳದೆ ಕೂರಿಸಿ ಹೇಳಿದರು. ಆಗ ತಿಳಿದದ್ದು ಇದು.

ಸೇಫ್ಟಿ ಆಫೀಸರ್ ಅನ್ನುವುದು ಕಂಪನಿಯವರು ಮನಸ್ಸಿಗೆ ಬಂದ ಹಾಗೆ ಕೊಡುವ ಹೆಸರಲ್ಲ, ಕಾನೂನಿನಲ್ಲಿರುವ ಹುದ್ದೆ. 1948ರ ಕಾರ್ಖಾನೆ ಕಾಯ್ದೆಗೆ 1976ರಲ್ಲಿ ಸೇರಿಸಿದ ಕಲಮು ಅದು. 1,000 ಜನ ಕೆಲಸಗಾರರಿದ್ದರೆ, ಅಥವಾ ಸರ್ಕಾರ ಅಪಾಯಕಾರಿ ಅಂತ ಗುರುತಿಸಿದ ಕೆಲಸವಿದ್ದರೆ ನೇಮಿಸಬೇಕು ಅಂತಿತ್ತು. ಅದಕ್ಕೆ ಅರ್ಹತೆ ಏನು ಅಂತ ರಾಜ್ಯಗಳ ನಿಯಮಗಳಲ್ಲಿ ಬರೆದಿರುತ್ತದೆ. ಬಹುಪಾಲು ಕಡೆ ಅದು ಒಲೆಯ ಮೂರು ಗುಂಡಿನ ಹಾಗೆ, ಒಂದಿಲ್ಲದಿದ್ದರೂ ಪಾತ್ರೆ ನಿಲ್ಲುವುದಿಲ್ಲ. ಮೊದಲನೆಯದು ಮೂಲ ಓದು: ಇಂಜಿನಿಯರಿಂಗ್ ಪದವಿ, ಇಲ್ಲವೇ ಇಂಜಿನಿಯರಿಂಗ್ ಡಿಪ್ಲೊಮಾ, ಇಲ್ಲವೇ ಭೌತಶಾಸ್ತ್ರ ಅಥವಾ ರಸಾಯನಶಾಸ್ತ್ರದ ಪದವಿ. ಎರಡನೆಯದು ಕಾರ್ಖಾನೆಯಲ್ಲಿ ಮೇಲ್ವಿಚಾರಣೆಯ ಅನುಭವ: ಇಂಜಿನಿಯರಿಂಗ್ ಪದವೀಧರರಿಗೆ 2 ವರ್ಷ, ಡಿಪ್ಲೊಮಾದವರಿಗೂ ಬಿ.ಎಸ್ಸಿ.ಯವರಿಗೂ 5 ವರ್ಷ. ಮೂರನೆಯದು ರಾಜ್ಯ ಸರ್ಕಾರ ಮಾನ್ಯ ಮಾಡಿದ ಇಂಡಸ್ಟ್ರಿಯಲ್ ಸೇಫ್ಟಿ ಪದವಿ ಅಥವಾ ಡಿಪ್ಲೊಮಾ. 'ಮಾನ್ಯ ಮಾಡಿದ' ಅನ್ನುವ ಮಾತಿಗೆ ಅಡಿಗೆರೆ ಹಾಕಿಕೊಳ್ಳಿ. ಆ ಬಣ್ಣದ ಹಾಳೆಯಲ್ಲಿದ್ದ ಐದರಲ್ಲಿ ಒಂದೂ ಈ ಮೂರನೆಯ ಗುಂಡಾಗುವುದಿಲ್ಲ.

ಇನ್ನೊಂದು ಷರತ್ತು ಕೇಳಿ ನನಗೆ ಬಹಳ ಖುಷಿಯಾಯಿತು. ಆ ಭಾಗದ ಹೆಚ್ಚಿನ ಕೆಲಸಗಾರರು ಆಡುವ ಭಾಷೆ ಸೇಫ್ಟಿ ಆಫೀಸರಿಗೆ ಚೆನ್ನಾಗಿ ಬರಬೇಕಂತೆ! ನೋಡಿ, ಕಾನೂನು ಬರೆದವರಲ್ಲೂ ಯಾರೋ ಒಬ್ಬರು ತಾಯಿ ಹೃದಯದವರು ಇದ್ದರು ಅನ್ನಿಸಿತು. 'ಡೇಂಜರ್' ಅಂತ ಕೆಂಪಕ್ಷರದಲ್ಲಿ ಬರೆದರೆ ಓದಲು ಬಾರದವನ ಕೈ ಉಳಿಯುತ್ತದೆಯೇ?

ಈ ಮೂರನೆಯ ಗುಂಡಿಗೆ ಹೆಸರಾದದ್ದು ಅಡ್ವಾನ್ಸ್ಡ್ ಡಿಪ್ಲೊಮಾ ಇನ್ ಇಂಡಸ್ಟ್ರಿಯಲ್ ಸೇಫ್ಟಿ, ಎಲ್ಲರೂ ಎ.ಡಿ.ಐ.ಎಸ್. ಅಂತಾರೆ. ಒಂದು ವರ್ಷದ ಕೋರ್ಸು. ಕೇಂದ್ರ ಕಾರ್ಮಿಕ ಸಚಿವಾಲಯದ ಸೆಂಟ್ರಲ್ ಲೇಬರ್ ಇನ್‌ಸ್ಟಿಟ್ಯೂಟ್ ಮುಂಬೈಯ ಸಯಾನ್‌ನಲ್ಲಿದೆ, ಅದರ ಬಳಗದ ರೀಜನಲ್ ಲೇಬರ್ ಇನ್‌ಸ್ಟಿಟ್ಯೂಟುಗಳು ಚೆನ್ನೈ, ಕೋಲ್ಕತ್ತ, ಕಾನ್ಪುರ, ಫರೀದಾಬಾದಿನಲ್ಲಿವೆ. ನಮಗೆ ಹತ್ತಿರದ್ದು ಚೆನ್ನೈ. ಕೆಲವು ರಾಜ್ಯಗಳ ತಾಂತ್ರಿಕ ಶಿಕ್ಷಣ ಮಂಡಳಿಗಳೂ ಈ ಡಿಪ್ಲೊಮಾ ನಡೆಸುತ್ತವೆ. ಆದರೆ ಒಂದು ರಾಜ್ಯದ ಮಂಡಳಿ ಕೊಟ್ಟದ್ದನ್ನು ಇನ್ನೊಂದು ರಾಜ್ಯದ ಕಾರ್ಖಾನೆ ಇಲಾಖೆ ಒಪ್ಪುತ್ತದೆಯೇ ಅಂತ ಸೇರುವ ಮುಂಚೆಯೇ ಬರಹದಲ್ಲಿ ಕೇಳಿಕೊಳ್ಳಬೇಕು. ಬಾಯಿಮಾತು ಬೇಡ.

ಇನ್ನೂ ಹೆಚ್ಚು ಓದುವವರಿಗೆ ದೊಡ್ಡ ದಾರಿಗಳೂ ಇವೆ. ಪಿ.ಯು.ಸಿ. ಮುಗಿಸಿದ ಮಕ್ಕಳಿದ್ದರೆ ಕೊಚ್ಚಿಯ ಕುಸಾಟ್ ವಿಶ್ವವಿದ್ಯಾಲಯದಲ್ಲಿ ಸೇಫ್ಟಿ ಮತ್ತು ಫೈರ್ ಇಂಜಿನಿಯರಿಂಗಿನಲ್ಲೇ ಬಿ.ಟೆಕ್. ಇದೆ. ಬಿ.ಇ. ಆದವರಿಗೆ ತಿರುಚಿರಾಪಳ್ಳಿಯ ಎನ್.ಐ.ಟಿ.ಯಲ್ಲಿ ಎಂ.ಟೆಕ್. ಇದೆ. ನಮ್ಮ ಚೀಟಿ ದುಡ್ಡಿಗೆ ಅವು ದೂರ.

ಹಾಗಾದರೆ ನೆಬಾಷ್ ಸುಳ್ಳೇ? ಅಲ್ಲ! ಅದನ್ನೂ ನಮ್ಮ ಮನೆಯಲ್ಲೇ ನೋಡಿದ್ದೇನೆ, ಕೇಳಿ.

ತುಮಕೂರಿನಲ್ಲಿರುವ ನನ್ನ ಅಕ್ಕನ ಮಗ ಮೆಕ್ಯಾನಿಕಲ್ ಡಿಪ್ಲೊಮಾ ಮಾಡಿ, ವಸಂತನರಸಾಪುರದ ಕೈಗಾರಿಕಾ ಪ್ರದೇಶದಲ್ಲಿ ಮೂರು ವರ್ಷ ದುಡಿದಿದ್ದ. ಅವನಿಗೆ ಹೊರದೇಶಕ್ಕೆ ಹೋಗಬೇಕು ಅಂತ ಆಸೆ. ಮಸ್ಕತ್, ದುಬೈ, ಕತಾರಿನ ಕಂಪನಿಗಳ ಜಾಹೀರಾತು ತೆಗೆದರೆ ಸೇಫ್ಟಿ ಕೆಲಸಕ್ಕೆ ಕೇಳುವುದೇ ನೆಬಾಷ್. ಇದು ಇಂಗ್ಲೆಂಡಿನ ಒಂದು ಪರೀಕ್ಷಾ ಮಂಡಳಿ, 1979ರಲ್ಲಿ ಶುರುವಾದದ್ದು. ಪಾಠ ಮಾಡುವವರು ಅವರಲ್ಲ, ಅವರಿಂದ ಒಪ್ಪಿಗೆ ಪಡೆದ ಸಂಸ್ಥೆಗಳು. ಆ ಸಂಸ್ಥೆಯ ಹೆಸರು ನೆಬಾಷ್‌ನವರ ಪಟ್ಟಿಯಲ್ಲಿದೆಯೇ ಅಂತ ನೋಡಿಯೇ ದುಡ್ಡು ಕಟ್ಟಬೇಕು. ಅವನು ಹಾಗೇ ಮಾಡಿದ. ಎರಡು ತಿಂಗಳು ನಮ್ಮ ಮನೆಯಲ್ಲೇ ಇದ್ದುಕೊಂಡು ಕ್ಲಾಸಿಗೆ ಹೋದ.

ಪರೀಕ್ಷೆ ಎರಡು ಭಾಗ. ಮೊದಲನೆಯದಕ್ಕೆ ಪುಸ್ತಕ ತೆರೆದಿಟ್ಟುಕೊಂಡೇ ಬರೆಯಬಹುದು, 24 ಗಂಟೆ ಅವಕಾಶ! "ಅಷ್ಟೇನಾ, ಕಾಪಿ ಹೊಡೆದರಾಯಿತು" ಅಂತ ನಮ್ಮ ಚಿಕ್ಕವನು ನಕ್ಕ. ಆದರೆ ಅದು ಬೇರೆಯೇ ಥರ. ಒಂದು ಕಂಪನಿಯ ಕಥೆ ಕೊಟ್ಟಿರುತ್ತಾರೆ, ಅಲ್ಲಿ ಏನೇನು ತಪ್ಪಿದೆ, ಯಾಕೆ, ನೀನಾದರೆ ಏನು ಮಾಡುತ್ತಿದ್ದೆ ಅಂತ ಆ ಕಥೆಯೊಳಗಿಂದಲೇ ತೋರಿಸಿ ಬರೆಯಬೇಕು. ಬರೆದದ್ದು ನೀನೇ ಹೌದೇ ಅಂತ ಆಮೇಲೆ ಕೂರಿಸಿ ಮಾತಾಡಿಸುತ್ತಾರೆ. ಎರಡನೆಯದು ಒಂದು ಕೆಲಸದ ಜಾಗಕ್ಕೆ ಹೋಗಿ, ಅಲ್ಲಿನ ಕಡಿಮೆಯೆಂದರೆ 10 ಅಪಾಯಗಳನ್ನು ಪಟ್ಟಿ ಮಾಡಿ, ಪ್ರತಿಯೊಂದಕ್ಕೂ ಪರಿಹಾರ ಬರೆಯುವುದು.

ಅದನ್ನು ಅಭ್ಯಾಸ ಮಾಡಲು ಅವನು ಆರಿಸಿಕೊಂಡದ್ದು ನನ್ನ ಅಡುಗೆಮನೆ! "ಚಿಕ್ಕಮ್ಮ, ನೀವು ಹಪ್ಪಳ ಕರೀರಿ, ನಾನು ನೋಡ್ತೀನಿ" ಅಂತ ಒಂದು ನೋಟ್‌ಬುಕ್ ಹಿಡಿದು ಬಾಗಿಲಲ್ಲಿ ನಿಂತ. ಅವರಲ್ಲಿ ಅಪಾಯ ತಡೆಯುವುದಕ್ಕೆ ಒಂದು ಕ್ರಮ ಇದೆ, ಐದು ಮೆಟ್ಟಿಲಿನದು. ಮೊದಲ ಮೆಟ್ಟಿಲು, ಅಪಾಯವನ್ನೇ ತೆಗೆದುಹಾಕು: ಇವತ್ತು ಕರಿಯುವುದೇ ಬೇಡ. ಎರಡನೆಯದು, ಕಡಿಮೆ ಅಪಾಯದ್ದಕ್ಕೆ ಬದಲಾಯಿಸು: ಹಪ್ಪಳ ಸುಟ್ಟುಕೊಡು. ಮೂರನೆಯದು, ಯಂತ್ರದಲ್ಲೇ ತಡೆ ಇಡು: ಅಲ್ಲಾಡದ ಒಲೆ, ಮಗುಚದ ಬಾಣಲೆ, ಕುಕ್ಕರಿಗೆ ಸೇಫ್ಟಿ ವಾಲ್ವ್ ಇದ್ದ ಹಾಗೆ. ನಾಲ್ಕನೆಯದು, ನಿಯಮ ಮಾಡು: ಎಣ್ಣೆ ಕಾದಿರುವಾಗ ಮಕ್ಕಳು ಒಳಗೆ ಬರಕೂಡದು. ಎಲ್ಲದರ ಕೊನೆಗೆ ಐದನೆಯದು, ಮೈಮೇಲೆ ಹಾಕಿಕೊಳ್ಳುವ ರಕ್ಷಣೆ: ಮಸಿಬಟ್ಟೆ, ಇಕ್ಕಳ.

ನಾವೆಲ್ಲ ಶುರು ಮಾಡುವುದೇ ಮಸಿಬಟ್ಟೆಯಿಂದ, ಅಲ್ಲವೇ? ಕಾರ್ಖಾನೆಯವರೂ ಹಾಗೇ. ಹೆಲ್ಮೆಟ್, ಕೈಗವಸು, ಬೂಟು ಕೊಟ್ಟರೆ ಮುಗಿಯಿತು ಅಂದುಕೊಳ್ಳುತ್ತಾರೆ. ಅವನು ಹೇಳುತ್ತಿದ್ದದ್ದನ್ನು ನಡುಮನೆಯಲ್ಲಿ ಪೇಪರ್ ಓದುತ್ತಿದ್ದ ನಮ್ಮವರು ಕೇಳಿಸಿಕೊಂಡಿದ್ದಾರೆ. ಎದ್ದು ಬಂದು ಬಾಗಿಲಲ್ಲಿ ನಿಂತು, "ನಮಗೆ ಕೈಗವಸು ಕೊಟ್ಟಿದ್ರು ಕಣಯ್ಯ. ಚಕ್ಕೆ ಕಿತ್ತುಹಾಕಿದ್ರೆ ಸಾಕಿತ್ತು" ಅಂದರು. ಹದಿನೈದು ವರ್ಷದಲ್ಲಿ ಅವರು ಅದರ ಬಗ್ಗೆ ಹೊರಗಿನವರೆದುರು ಆಡಿದ ಮೊದಲ ಮಾತು ಅದು. ಎಣ್ಣೆ ಹೊಗೆಯಾಡುತ್ತಿತ್ತು, ನಾನು ಒಲೆ ಆರಿಸಿದೆ.

ಅಕ್ಕನ ಮಗ ಪಾಸಾದ. ಈಗ ಒಮಾನಿನಲ್ಲಿದ್ದಾನೆ. ಪರೀಕ್ಷೆಯ ಹಿಂದಿನ ವಾರ ಅವನಿಗೂ ಫೋನ್ ಬಂದಿತ್ತು, ಇಷ್ಟು ದುಡ್ಡು ಕೊಟ್ಟರೆ ಉತ್ತರ ಬರೆದುಕೊಡುತ್ತೇವೆ ಅಂತ. ಸಿಕ್ಕಿಬಿದ್ದರೆ ಫಲಿತಾಂಶವೇ ರದ್ದು. ಸಿಕ್ಕಿಬೀಳದಿದ್ದರೆ ಇನ್ನೂ ಕೆಟ್ಟದ್ದು ಅಂತ ನನಗನ್ನಿಸುತ್ತದೆ - ಅಂಥವನನ್ನು ನಂಬಿ ಹತ್ತಂತಸ್ತಿನ ಸಾರುವೆ ಹತ್ತುವವರ ಗತಿ?

ಹಾಗಾಗಿ ನೋಡಿ, ಒಂದೇ ಮನೆಯಲ್ಲಿ ಉಂಡ ಇಬ್ಬರಿಗೆ ಎರಡು ದಾರಿ. ಕೊಲ್ಲಿ ದೇಶಕ್ಕೆ ಹೋಗುವವನಿಗೆ ನೆಬಾಷ್ ಸರಿ. ಇಲ್ಲೇ ಇದ್ದು, ಇಲ್ಲಿನ ಕಾನೂನಿನ ಹುದ್ದೆ ಹಿಡಿಯುವವಳಿಗೆ ಎ.ಡಿ.ಐ.ಎಸ್. ನೆಬಾಷ್ ಇದ್ದರೆ ಇಲ್ಲೂ ಕೆಲವು ಕಂಪನಿಗಳು ಸಂಬಳದಲ್ಲಿ ಬೆಲೆ ಕೊಡಬಹುದು, ಆದರೆ ಆ ಕುರ್ಚಿಗೆ ಅದು ಸಾಲದು.

ಹಾಳೆಯಲ್ಲಿದ್ದ ಉಳಿದವನ್ನು ಬೇಗ ಹೇಳಿಬಿಡುತ್ತೇನೆ. ಐಯೋಷ್‌ನವರ 'ಮ್ಯಾನೇಜಿಂಗ್ ಸೇಫ್ಲಿ' ಕೆಲವೇ ದಿನದ ತರಬೇತಿ, ಬೇರೆ ಕೆಲಸದಲ್ಲಿರುವ ಮ್ಯಾನೇಜರು, ಸೂಪರ್‌ವೈಸರುಗಳಿಗೆ ಅಂತಲೇ ಮಾಡಿದ್ದು. ಒಳ್ಳೆಯದೇ, ಆದರೆ ಅದರಿಂದ ಯಾರೂ ಸೇಫ್ಟಿ ಆಫೀಸರಾಗುವುದಿಲ್ಲ. ಓಷಾ 30 ಅನ್ನುವುದು ಅಮೆರಿಕದ ಸರ್ಕಾರಿ ಇಲಾಖೆಯ 30 ಗಂಟೆಯ ತಿಳಿವಳಿಕೆ ತರಗತಿ. ಇದು ವೃತ್ತಿಯ ಸರ್ಟಿಫಿಕೇಷನ್ ಅಲ್ಲ ಅಂತ ಆ ಇಲಾಖೆಯವರೇ ಹೇಳಿದ್ದಾರೆ! ಅಮೆರಿಕದಲ್ಲಿ ನಿಜವಾಗಿ ಬೆಲೆ ಇರುವುದು ಸಿ.ಎಸ್.ಪಿ. ಅನ್ನುವುದಕ್ಕೆ, ಅದಕ್ಕೆ ಪದವಿ, ನಾಲ್ಕು ವರ್ಷದ ಅನುಭವ ಎರಡೂ ಬೇಕು. ಐ.ಎಸ್.ಒ. 45001 ಲೀಡ್ ಆಡಿಟರ್ ಐದು ದಿನದ್ದು, ಕಂಪನಿಗಳ ಸುರಕ್ಷತಾ ವ್ಯವಸ್ಥೆಯನ್ನು ಆಡಿಟ್ ಮಾಡುವವರಿಗೆ. ನಿನ್ನೆ ಕಾಲೇಜು ಬಿಟ್ಟ ಹುಡುಗಿ ಅದನ್ನಿಟ್ಟುಕೊಂಡು ಯಾರನ್ನು ಆಡಿಟ್ ಮಾಡುತ್ತಾಳೆ, ಹೇಳಿ?

ಇನ್ನು ಆ ಆರು ತಿಂಗಳ ಡಿಪ್ಲೊಮಾಗಳ ಕಥೆ. ನಮ್ಮ ಬೀದಿಯ ಹಾಲಿನಂಗಡಿಯವರ ಮಗ ಎಸ್.ಎಸ್.ಎಲ್.ಸಿ. ಆದ ಮೇಲೆ ಒಂದು ಸಂಸ್ಥೆಗೆ 40 ಸಾವಿರ ಕಟ್ಟಿ 'ಡಿಪ್ಲೊಮಾ ಇನ್ ಫೈರ್ ಅಂಡ್ ಇಂಡಸ್ಟ್ರಿಯಲ್ ಸೇಫ್ಟಿ' ತೆಗೆದುಕೊಂಡ. ಫ್ರೇಮ್ ಹಾಕಿಸಿ ಅಂಗಡಿಯಲ್ಲಿ ದೇವರ ಪಟದ ಪಕ್ಕ ನೇತುಹಾಕಿದ್ದಾರೆ. ಈಗ ಒಂದು ಮಾಲಿನಲ್ಲಿ ಬೆಂಕಿ ಆರಿಸುವ ಸಿಲಿಂಡರುಗಳನ್ನು ಎಣಿಸಿಕೊಂಡು ಹನ್ನೆರಡು ಗಂಟೆ ನಿಲ್ಲುತ್ತಾನೆ, ಪಾಪ. ಆ ಕೆಲಸ ಕೀಳು ಅಂತ ನಾನು ಹೇಳುವುದಿಲ್ಲ. ಆದರೆ ಆ ಕೆಲಸಕ್ಕೆ ಆ 40 ಸಾವಿರ ಬೇಕಿರಲಿಲ್ಲ. ಸಂಸ್ಥೆಯ ಗೋಡೆಯ ಮೇಲೆ 'ಐ.ಎಸ್.ಒ. 9001' ಅಂತ ಬರೆದಿತ್ತು ಅಂತ ಅವರಮ್ಮ ಹೇಳಿದರು. ಅದು ಸಂಸ್ಥೆಯ ಆಡಳಿತ ಕ್ರಮಕ್ಕೆ ಸಿಕ್ಕುವ ಕಾಗದ, ಕೋರ್ಸಿಗೆ ಸಿಕ್ಕ ಸರ್ಕಾರದ ಮಾನ್ಯತೆ ಅಲ್ಲ. ಯಾರಾದರೂ 'ಗೌರ್ಮೆಂಟ್ ಅಪ್ರೂವ್ಡ್' ಅಂದರೆ, ಯಾವ ಗೌರ್ಮೆಂಟು, ಯಾವ ಇಲಾಖೆ, ಆದೇಶದ ನಕಲು ತೋರಿಸಿ ಅಂತ ಕೇಳಿ. ಕೇಳುವುದಕ್ಕೆ ನಾಚಿಕೆ ಯಾಕೆ? ತರಕಾರಿಯವನ ತಕ್ಕಡಿಯನ್ನೇ ಬಿಡದವರು ನಾವು!

ಹತ್ತನೇ ತರಗತಿ ಮಾತ್ರ ಓದಿದ ಮಕ್ಕಳಿಗೆ ದಾರಿ ಇಲ್ಲವೇ ಇಲ್ಲ ಅಂತಲ್ಲ. ಐ.ಟಿ.ಐ.ಗಳ ಟ್ರೇಡುಗಳ ಪಟ್ಟಿಯಲ್ಲಿ 'ಫೈರ್ ಟೆಕ್ನಾಲಜಿ ಅಂಡ್ ಇಂಡಸ್ಟ್ರಿಯಲ್ ಸೇಫ್ಟಿ ಮ್ಯಾನೇಜ್‌ಮೆಂಟ್' ಅಂತ ಒಂದಿದೆ. ಎಲ್ಲಾ ಐ.ಟಿ.ಐ.ಯಲ್ಲೂ ಇರುವುದಿಲ್ಲ, ವಿಚಾರಿಸಬೇಕು. ಅದರ ಸರ್ಟಿಫಿಕೇಟು ದೇಶದಲ್ಲೆಲ್ಲ ನಡೆಯುತ್ತದೆ. ಅಲ್ಲಿಂದ ಸೇಫ್ಟಿ ವಿಭಾಗದಲ್ಲಿ ಸಹಾಯಕನಾಗಿ ಸೇರಿ, ಕೆಲಸ ಮಾಡುತ್ತಲೇ ಡಿಪ್ಲೊಮಾ ಮಾಡಿಕೊಂಡು ಮೇಲೆ ಬರಬಹುದು. ನಿಧಾನದ ದಾರಿ, ಆದರೆ ನಡುವೆ ಮುರಿದು ಬೀಳುವುದಿಲ್ಲ.

"ಹೆಣ್ಣುಮಗು ಹೆಲ್ಮೆಟ್ ಹಾಕ್ಕೊಂಡು ಗಂಡಸರಿಗೆ ಬುದ್ಧಿ ಹೇಳ್ತಾ ತಿರುಗಿದ್ರೆ ಮದುವೆ ಹೇಗೆ?" ಅಂತ ನಮ್ಮ ಅತ್ತೆಯವರ ಪ್ರಶ್ನೆ ಈಗಲೂ ಇದೆ. ಅವರಿಗೆ ಉತ್ತರ ಕೊಟ್ಟದ್ದು ನನ್ನ ತಂಗಿ. ಅವಳು ಯಶವಂತಪುರದ ಕಡೆ ಒಂದು ಗಾರ್ಮೆಂಟ್ಸಿನಲ್ಲಿ ಟೈಲರ್. ಅಲ್ಲಿ ಹೊಲಿಗೆ ಯಂತ್ರಗಳಿಗೆ ಸೂಜಿಯ ಮುಂದೆ ಒಂದು ಸಣ್ಣ ತಂತಿಯ ಗಾರ್ಡ್ ಇರುತ್ತದೆ, ಬೆರಳು ಒಳಗೆ ಹೋಗದ ಹಾಗೆ. ಗಂಟೆಗೆ ಇಷ್ಟು ಪೀಸ್ ಅಂತ ಟಾರ್ಗೆಟ್ ಇರುವುದರಿಂದ, ಕಣ್ಣಿಗೆ ಅಡ್ಡ ಬರುತ್ತದೆ ಅಂತ ಹೆಂಗಸರೇ ಅದನ್ನು ಪಕ್ಕಕ್ಕೆ ತಿರುಗಿಸಿಬಿಡುತ್ತಾರೆ. "ಉಗುರಿನೊಳಕ್ಕೆ ಸೂಜಿ ಹೋದ್ರೆ ಬಾತ್‌ರೂಮಲ್ಲಿ ಅತ್ತು, ಬಟ್ಟೆ ಸುತ್ಕೊಂಡು ಬಂದು ಕೂತ್ಕೋತೀವಿ ಅತ್ತೆಮ್ಮ. ಗಂಡಸು ಸೇಫ್ಟಿ ಸಾಹೇಬ್ರ ಹತ್ರ ಯಾರು ಹೇಳ್ತಾರೆ? ತಲೆ ಸುತ್ತು, ಹೊಟ್ಟೆನೋವು, ನೀರು ಕುಡಿಯದೆ ಇರೋದು, ಇವನ್ನೆಲ್ಲ ಒಬ್ಳು ಹೆಣ್ಣು ಆಫೀಸರ್ ಇದ್ರೆ ಹೇಳ್ಕೋಬಹುದಿತ್ತು" ಅಂದಳು. ಅತ್ತೆಯವರು ಮಾತಾಡಲಿಲ್ಲ, ಅವಳ ಬೆರಳನ್ನೊಮ್ಮೆ ಹಿಡಿದು ನೋಡಿದರು.

ನಮ್ಮವರು ಕೇಳಿದ್ದು ಬೇರೆ ಪ್ರಶ್ನೆ. "ನೀನು ಹೇಳಿದ್ದನ್ನ ಓನರು ಕೇಳ್ತಾನೇನಮ್ಮ?" ಇದಕ್ಕೆ ಮಗಳು ಉತ್ಪ್ರೇಕ್ಷೆ ಮಾಡಲಿಲ್ಲ. ಸೇಫ್ಟಿ ಆಫೀಸರಿಗೆ ಇನ್‌ಸ್ಪೆಕ್ಟರಿನ ಅಧಿಕಾರವಿಲ್ಲ. ಸಲಹೆ ಕೊಡುವುದು, ತಪಾಸಣೆ ಮಾಡುವುದು, ತರಬೇತಿ ಕೊಡುವುದು, ಅಪಘಾತ ಆದರೆ ಕಾರಣ ಹುಡುಕುವುದು ಅವರ ಕೆಲಸ. ಕಾನೂನಿನ ಹೊಣೆ ಮಾಲೀಕರದ್ದೇ. ಆದರೆ ಆ ನಿಯಮಗಳಲ್ಲೇ ಇನ್ನೂ ಮೂರು ಮಾತಿದೆಯಂತೆ: ಸೇಫ್ಟಿ ಆಫೀಸರಿಗೆ ಹಿರಿಯ ಅಧಿಕಾರಿಯ ಸ್ಥಾನ ಕೊಡಬೇಕು, ನೇರವಾಗಿ ಕಾರ್ಖಾನೆಯ ಮುಖ್ಯಸ್ಥರ ಕೈಕೆಳಗೇ ಇರಬೇಕು, ಸುರಕ್ಷತೆಗೆ ಸಂಬಂಧವಿಲ್ಲದ ಕೆಲಸ ಹಚ್ಚಕೂಡದು. "ಅಂದ್ರೆ ಪ್ರೊಡಕ್ಷನ್ ಮ್ಯಾನೇಜರ್ ಬಂದು ಗಾರ್ಡ್ ತೆಗಿ ಅಂದ್ರೆ, ನಾನು ಅವರ ಕೈಕೆಳಗೆ ಇರೋದಿಲ್ಲ ಅಪ್ಪ" ಅಂದಳು. ಅದು ಅವರ ಮನಸ್ಸಿಗೆ ನಾಟಿತು ಅಂತ ಕಾಣುತ್ತದೆ. ಸ್ವಲ್ಪ ಹೊತ್ತು ಬಿಟ್ಟು, "ನಮ್ಮ ಶೆಡ್ಡಿನಲ್ಲಿ ಇದ್ದದ್ದೇ 30 ಜನ. ಅಂಥ ಕಡೆಗೆ ಯಾರು ಬರ್ತಾರೆ?" ಅಂದರು.

ಅದಕ್ಕೆ ಮಗಳ ಹತ್ತಿರ ಉತ್ತರವಿರಲಿಲ್ಲ. ನನ್ನ ಹತ್ತಿರವೂ ಇಲ್ಲ. 2025ರ ನವೆಂಬರ್ 21ರಿಂದ ಹಳೆಯ ಕಾರ್ಖಾನೆ ಕಾಯ್ದೆಯ ಜಾಗಕ್ಕೆ 2020ರ ಹೊಸ ಸಂಹಿತೆ ಜಾರಿಗೆ ಬಂದಿದೆ. ಅದರಲ್ಲಿ 500 ಕೆಲಸಗಾರರಿದ್ದರೆ ಸೇಫ್ಟಿ ಆಫೀಸರ್ ಬೇಕು, ಅಪಾಯಕಾರಿ ಕೆಲಸವಾದರೆ 250, ಕಟ್ಟಡದ ಕೆಲಸಕ್ಕೆ 250, ಗಣಿಗೆ 100. ಸಾವಿರದಿಂದ ಐನೂರಕ್ಕೆ ಇಳಿದದ್ದರಿಂದ ಈ ಹುದ್ದೆಗಳು ಹೆಚ್ಚಾಗುತ್ತವೆ ಅಂತ ನನ್ನ ಲೆಕ್ಕ, ಮಕ್ಕಳಿಗೆ ಒಳ್ಳೆಯದೇ. ಆದರೂ 30 ಜನರ ಶೆಡ್ಡು ಅದರಲ್ಲೂ ಬರುವುದಿಲ್ಲ. ಕಾನೂನು ಬದಲಾಗುತ್ತಿರುವ ಹೊತ್ತಾದ್ದರಿಂದ, ನಾನು ಮೇಲೆ ಬರೆದ ಅರ್ಹತೆಗಳನ್ನು ನೀವು ದುಡ್ಡು ಕಟ್ಟುವ ದಿನ ಇಲಾಖೆಯಲ್ಲೇ ಇನ್ನೊಮ್ಮೆ ಕೇಳಿಕೊಳ್ಳಿ.

ನಮ್ಮ ತೀರ್ಮಾನ ಹೀಗಾಯಿತು. ಈಗಲೇ ಯಾವ ಕೋರ್ಸಿಗೂ ದುಡ್ಡು ಸುರಿಯುವುದಿಲ್ಲ. ಮಗಳು ಇರುವ ಕಾರ್ಖಾನೆಯಲ್ಲೇ ಸೂಪರ್‌ವೈಸರ್ ಆಗಿ ಮುಂದುವರಿಯುತ್ತಾಳೆ, ಯಾಕೆಂದರೆ ಆ 5 ವರ್ಷದ ಅನುಭವವನ್ನು ಯಾವ ಸಂಸ್ಥೆಯೂ ಮಾರುವುದಿಲ್ಲ. 2028ಕ್ಕೆ ಅದು ತುಂಬುತ್ತದೆ. ಅಷ್ಟರಲ್ಲಿ ಕಮಿಟಿಯ ಕೆಲಸ, ಪ್ರಥಮ ಚಿಕಿತ್ಸೆಯ ತರಬೇತಿ, ಬೆಂಕಿ ಆರಿಸುವ ತರಬೇತಿ, ಕಂಪನಿಯವರೇ ಪುಕ್ಕಟೆ ಕೊಡುವುದನ್ನೆಲ್ಲ ಬಿಡದೆ ಕಲಿಯುತ್ತಾಳೆ. ಆಮೇಲೆ ಒಂದು ವರ್ಷ ಎ.ಡಿ.ಐ.ಎಸ್. ಕಂಪನಿಯೇ ಕಳಿಸಿಕೊಟ್ಟರೆ ಸರಿ, ಇಲ್ಲದಿದ್ದರೆ ಚೀಟಿ ದುಡ್ಡಿದೆ, ಬ್ಯಾಂಕಿನಲ್ಲಿ ಎಫ್.ಡಿ. ಮಾಡಿಟ್ಟಿದ್ದೇನೆ. ಮದುವೆಗೆ ಏನು ಅಂತ ಕೇಳಬೇಡಿ, ಅದು ಬಂದಾಗ ನೋಡೋಣ!

ಕೊನೆಗೊಂದು ಕಿವಿಮಾತು, ಕಾರ್ಮಿಕ ಭವನದ ಆ ಹಿರಿಯರು ನಾವು ಏಳುವಾಗ ಹೇಳಿದ್ದು. ಅನುಭವದ ಪತ್ರವನ್ನು ಕೆಲಸ ಬಿಡುವಾಗ ತಗೊಂಡರಾಯಿತು ಅಂತ ಬಿಡಬೇಡಿ, ಕಂಪನಿಗಳು ಮುಚ್ಚುತ್ತವೆ, ಕೈ ಬದಲಾಗುತ್ತವೆ. ವರ್ಷಕ್ಕೊಮ್ಮೆ ಲೆಟರ್‌ಹೆಡ್ಡಿನಲ್ಲಿ ಬರೆಸಿಕೊಳ್ಳಿ, ಅದರಲ್ಲಿ 'ಮೇಲ್ವಿಚಾರಣೆ' ಅನ್ನುವ ಪದ, ಯಾವ ವಿಭಾಗ, ಕೈಕೆಳಗೆ ಎಷ್ಟು ಜನ, ಯಾವ ತಾರೀಖಿನಿಂದ ಅನ್ನುವುದು ಇರಲಿ ಅಂದರು. ಬರೀ 'ಕೆಮಿಸ್ಟ್' ಅಂತಿದ್ದರೆ ಆಮೇಲೆ ತಕರಾರಾಗಬಹುದು. ಮಗಳು ಮೂರು ವರ್ಷದ್ದು ಬರೆಸಿಕೊಂಡು ಬಂದಿದ್ದಾಳೆ. ಅವರಪ್ಪ ಅವನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ, ತಮ್ಮ ಇ.ಎಸ್.ಐ. ಕಾಗದಗಳಿರುವ ಕಬ್ಬಿಣದ ಟ್ರಂಕಿನಲ್ಲಿ ಇಟ್ಟಿದ್ದಾರೆ. ಈ ವರ್ಷದ್ದು ಮುಂದಿನ ತಿಂಗಳು ಬರಬೇಕು.